ಬೀರುವಿನಷ್ಟು ದೊಡ್ಡ ಕ್ಯಾಲ್ಕುಲೇಟರ್
ತಮ್ಮನನ್ನು ಕಂಡರೆ ಅಕ್ಕನಿಗೆ ಮೈಯೆಲ್ಲ ಉರಿ. ಗುಜರಿಯವನೂ ಬೇಡವೆಂದ, ಬೀರುವಿನಷ್ಟು ದೊಡ್ಡ ಹಳೇ ಕಂಪ್ಯೂಟರನ್ನು ಅವಳ ನಡುಮನೆಗೆ ತಂದಿಟ್ಟು, ಅದಕ್ಕೆ ಜೇಬಿನ ಕ್ಯಾಲ್ಕುಲೇಟರಿನ ವೇಷ ಕಟ್ಟುವುದೇ ಅವನ ಉದ್ಯೋಗ. ಕೆಟ್ಟು ನಿಂತ ಒಂದು ಕ್ಯಾಲ್ಕುಲೇಟರನ್ನು ಬಿಚ್ಚಿ, ಅದರ ಲೆಕ್ಕದ ಕ್ರಮವನ್ನೆಲ್ಲ ಕಾಗದದ ಪಟ್ಟಿಯಲ್ಲಿ ತೂತು ಹೊಡೆದು ಇದಕ್ಕೆ ಉಣಿಸುತ್ತಾನೆ. ತನಗೆ ಬಡಿಸಿದ್ದು ಆರಿಹೋದರೂ ಏಳುವವನಲ್ಲ. ಎರಡಕ್ಕೆರಡು ಕೂಡಿಸಲು ಅದು ಹಿಟ್ಟಿನ ಗಿರಣಿಯಂತೆ ಗರಗರ ಎನ್ನುತ್ತದೆ, ಮನೆಯ ಫ್ಯೂಸು ಹಾರುತ್ತದೆ, ಅವನು "ಇನ್ನೊಂದೇ ಸಲ ಅಕ್ಕಾ" ಎಂದು ಹಲ್ಲು ಕಿರಿಯುತ್ತಾನೆ. ಉತ್ತರ ಸರಿ ಬಂದರಂತೂ ತಲೆ ಚಚ್ಚಿಕೊಳ್ಳುತ್ತಾನೆ. "ಆ ಕ್ಯಾಲ್ಕುಲೇಟರು ತಪ್ಪಿದ ಕಡೆ ಇದೂ ತಪ್ಪಬೇಕು ಕಣಕ್ಕಾ." "ತಪ್ಪು ಮಾಡೋಕೆ ನೀನೊಬ್ಬ ಸಾಲದೇನೋ, ಇಷ್ಟು ದೊಡ್ಡ ಯಂತ್ರ ಬೇರೆ ಬೇಕಾ?" ನಿನ್ನೆ ಅವಳು ಪೊರಕೆ ಹಿಡಿದೇ ಬಂದು, ತಂತಿ ಕೀಳಲು ಕೈ ಹಾಕಿದಳು. ಅವನು ತೀರಿಹೋದ ಇಂಜಿನಿಯರ್ ಭಾವನ ಅಳತೆ ಪುಸ್ತಕವನ್ನು ಅವಳ ಮುಂದೆ ಬಿಚ್ಚಿಟ್ಟ. ಸೇತುವೆಯ ಕಂಬ ಗಿಡ್ಡವಾಗಿ, ಭಾವ ಕೆಲಸ ಕಳೆದುಕೊಂಡಿದ್ದು ಆ ಪುಟದ ಒಂದು ಲೆಕ್ಕದಿಂದ. "ನಾನು ಅಂಕಿ ಒತ್ತಿದ್ದು ಸರಿಯಾಗೇ ಇತ್ತು" ಎಂದು ಭಾವ ಸಾಯುವವರೆಗೂ ಹೇಳುತ್ತಿದ್ದ. ಈಗ ಅದೇ ಅಂಕಿಗಳನ್ನು ಒತ್ತಿದಾಗ ಯಂತ್ರವೂ ಅದೇ ತಪ್ಪು ಉತ್ತರವನ್ನು ಅಚ್ಚು ಹಾಕಿತ್ತು. "ತಪ್ಪಿದ್ದು ಭಾವ ಅಲ್ಲ ಅಕ್ಕಾ, ಕೆಟ್ಟು ನಿಂತಿರೋ ಅವರ ಈ ಕ್ಯಾಲ್ಕುಲೇಟರು." "ನಾನೂ ಅವರನ್ನ ನಂಬಲಿಲ್ಲವಲ್ಲೋ!" ಎಂದು ಅವಳು ಯಂತ್ರದ ಬೆನ್ನಿಗೆ ಪೊರಕೆಯಿಂದ ಬಲವಾಗಿ ಒಂದೇಟು ಹಾಕಿ, "ಇನ್ನೊಂದು ಸಲ ಒತ್ತು, ನೋಡ್ತೀನಿ" ಎಂದಳು.