ಸತ್ತ ಖಳನಾಯಕನನ್ನು ಎಬ್ಬಿಸಿದ ಗೇಟಿನ ಕಾಕಾ

ಹಳೆಯ ಪಠ್ಯಪುಸ್ತಕದೊಳಗಿಂದ ಮೊನ್ನೆ ಗುಲಾಬಿ ಬಣ್ಣದ ಅರ್ಧ ಟಿಕೀಟೊಂದು ಜಾರಿ ಬಿತ್ತು. ಅದನ್ನು ಹರಿದ ಕೈ ನೆನಪಾಯಿತು... ಸಿಂದಗಿಯ ಟಾಕೀಸಿನಲ್ಲಿ ಬಾಗಿಲು ಕಾಯುತ್ತಿದ್ದ ಗೇಟಿನ ಕಾಕಾನ ಕೈ.

ತೊಂಬತ್ತರ ದಶಕದ ಕೊನೆ. ನಾನಾಗ ಕಾಲೇಜಿನಲ್ಲಿದ್ದೆ. ಊರಿಗೇ ಹುಚ್ಚು ಹಿಡಿಸಿದ್ದ ಸಿನಿಮಾವೊಂದರ ಎರಡನೇ ಭಾಗ ಬರುವುದಿತ್ತು. ಮೊದಲ ಭಾಗದ ಕೊನೆಗೆ ಖಳನಾಯಕ ಕಣಿವೆಗೆ ಬಿದ್ದಿದ್ದ. ಅವನು ಮರಳಿ ಬರುತ್ತಾನೋ ಇಲ್ಲವೋ ಎಂದು ಚಹಾದಂಗಡಿಯಲ್ಲಿ ಎರಡು ಪಾರ್ಟಿಗಳಾದವು. "ಹೆಣಾ ತೋರ್ಸಿಲ್ಲ ಅಂದ್ರ ಸತ್ತಿಲ್ಲ," ಎಂಬುದು ನಮ್ಮ ವಾದ. "ಅಷ್ಟ್ ಮ್ಯಾಲಿಂದ ಬಿದ್ದಂವ ಉಳೀತಾನೇನಲೇ?" ಎಂದು ಅವರು. ಮಾತು ಒಮ್ಮೆ ಕೈಕೈ ಮಿಲಾಯಿಸುವವರೆಗೂ ಹೋಯಿತು. ಅವನು ಬರದಿದ್ದರೆ ಮೀಸೆ ಬೋಳಿಸುವೆನೆಂದು ನಾನು ಎಲ್ಲರೆದುರು ಹೇಳಿಬಿಟ್ಟೆ.

ಮೊದಲ ದಿನದ ಮಧ್ಯಾಹ್ನದ ಆಟ. ಒಂದೇ ಪ್ರಿಂಟು, ಎರಡು ಟಾಕೀಸು. ದೇವರ ಹಿಪ್ಪರಗಿಯಲ್ಲಿ ಓಡಿಸಿದ ರೀಲುಗಳನ್ನು ಮೋಟರ್ ಸೈಕಲ್ ಮೇಲೆ ನಮ್ಮೂರಿಗೆ ತರುತ್ತಿದ್ದರು. ಇಂಟರ್‌ವಲ್ ಮುಗಿದರೂ ಉಳಿದ ರೀಲುಗಳು ಬರಲಿಲ್ಲ. ಅರ್ಧ ತಾಸು, ಮುಕ್ಕಾಲು ತಾಸು... ಸಿಳ್ಳೆ ನಿಂತು ಕುರ್ಚಿ ಮುರಿಯುವ ಸದ್ದು ಶುರುವಾಯಿತು. ಎರಡೂ ಪಾರ್ಟಿಯವರು ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡರು. "ಪರದೆಗೆ ಬೆಂಕಿ ಹಚ್ರಲೇ," ಎಂದು ಯಾರೋ ಕೂಗಿದರು.

ಆಗ ಕಾಕಾ ಬಿಳಿ ಪರದೆಯ ಮುಂದೆ ಹೋಗಿ ನಿಂತರು.

"ಮುಂದಿನ ಕತಿ ನನಗ ಗೊತ್ತೈತಿ. ಕುಂದರ್ರಿ, ಹೇಳ್ತೇನಿ."

ಖಳನಾಯಕ ಸತ್ತಿಲ್ಲವೆಂದರು. ಕಣಿವೆಯ ನಡುವೆ ಒಂದು ಬೇರಿಗೆ ಸಿಕ್ಕಿಕೊಂಡಿದ್ದಾನೆ, ಒಂದು ಕಣ್ಣು ಹೋಗಿದೆ, ಮೇಲೆ ಹತ್ತುತ್ತಿದ್ದಾನೆ. "ಒಂದ್ ಕಲ್ಲು ಸಿಕ್ತು... ಜಾರ್ತು... ಇನ್ನೊಂದ್ ಹಿಡದಾ." ಕಾಲು ಗಂಟೆಯಾದರೂ ಅವನನ್ನು ಮೇಲೆ ತಲುಪಿಸಲಿಲ್ಲ, ಕೆಳಗೂ ಬೀಳಿಸಲಿಲ್ಲ. ನಾವು ಉಸಿರು ಬಿಗಿಹಿಡಿದು ಕೂತಿದ್ದೆವು. ಅವರು ಮಾತ್ರ ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದರು. ಹೊರಗೆ ಗಾಡಿಯ ಸದ್ದಾದೊಡನೆ ಮಾತನ್ನು ಅರ್ಧಕ್ಕೇ ಬಿಟ್ಟು ಓಡಿದರು.

ಸಿನಿಮಾ ಮುಂದುವರಿಯಿತು. ಖಳನಾಯಕ ಬರಲೇ ಇಲ್ಲ. ಹೊರಗೆ ಎಲ್ಲರೂ ನನ್ನ ಮೀಸೆ ನೋಡಿ ನಗುತ್ತಿದ್ದರು. ಸಿಟ್ಟಿನಲ್ಲಿ ಕಾಕಾನ ಕಾಲರ್ ಹಿಡಿದೆ. "ಅಷ್ಟ್ ಮಂದ್ಯಾಗ ಸುಳ್ಳ್ಯಾಕ ಹೇಳಿದ್ರಿ?"

ಅವರು ಬಿಡಿಸಿಕೊಳ್ಳಲಿಲ್ಲ. ಮೆಟ್ಟಿಲ ಕಡೆ ಕೈ ತೋರಿಸಿದರು. ಅಲ್ಲೊಬ್ಬ ಕೂತಿದ್ದ. ಪ್ಯಾಂಟು ಹರಿದಿತ್ತು, ಮೊಳಕೈಗೆ ರಕ್ತ ಹೆಪ್ಪುಗಟ್ಟಿತ್ತು.

"ರೀಲ್ ತರಾಂವ ನನ್ನ ಅಳಿಯ, ತಮ್ಮಾ. ಗಾಡಿ ತೆಗ್ಗಿಗೆ ಬಿದ್ದೈತಿ ಅಂತ ಬಸ್ಸಿನ್ಯಾಗ ಬಂದವ್ರು ಹೇಳಿದ್ರು. ಇದ್ದಾನೋ ಇಲ್ಲೋ ಗೊತ್ತಿದ್ದಿಲ್ಲ. ನಿಮ್ಮನ್ನ ಹಂಗ ಬಿಟ್ಟು ಹ್ಯಾಂಗ ಹೋಗಬೇಕಿತ್ತು?" ಅಳಿಯನ ಕಡೆ ನೋಡುತ್ತ, "ಯಾರನ್ನರ ಮ್ಯಾಲೆ ಹತ್ತಸ್ಬೇಕಾಗಿತ್ತು," ಎಂದರು.

ಕಾಲರ್ ಬಿಟ್ಟೆ. ತಪ್ಪಾಯಿತೆಂದು ಮಾತ್ರ ಹೇಳಲಿಲ್ಲ. ಆಮೇಲೆ ಊರು ಬಿಟ್ಟೆ, ವರ್ಷಗಳು ಹೋದವು...

ಮೊನ್ನೆ ಅವರಿವರಿಂದ ನಂಬರು ಪಡೆದು ಫೋನು ಮಾಡಿದೆ. ಅಳಿಯನೇ ಎತ್ತಿದ. "ಮಾವಾರು ಹೋಗಿ ಆರು ವರ್ಷಾತ್ರಿ," ಎಂದ. ಅಂದು ಪರದೆಯ ಮುಂದೆ ಅವರು ಕತೆ ಹೇಳಿದ್ದನ್ನು ನೆನಪಿಸಿದೆ.

"ಯಾವ ಕತಿರಿ? ಅವ್ರು ನಮಗೇನೂ ಹೇಳಿಲ್ಲಲ್ರಿ."

ಕಣಿವೆ, ಬೇರು, ಒಂದೊಂದೇ ಕಲ್ಲು, ಯಾರನ್ನಾದರೂ ಮೇಲೆ ಹತ್ತಿಸಬೇಕಾಗಿತ್ತೆಂದ ಅವರ ಮಾತು, ಎಲ್ಲವನ್ನೂ ಹೇಳಿದೆ. ಆಚೆ ಕಡೆ ಅವನು ಮೂಗೊರೆಸಿಕೊಂಡ ಸದ್ದು ಕೇಳಿಸಿತು.