ಐದಕ್ಕೆ ಎರಡು

ಮುಂಬಯಿಯ ಕನ್ನಡ ಶಾಲೆಯೊಂದರಲ್ಲಿ ನಾನು ಮೂವತ್ತಮೂರು ವರ್ಷ ಪಾಠ ಹೇಳಿದೆ. ಅಷ್ಟು ವರ್ಷಗಳಲ್ಲಿ ಒಬ್ಬರಿಗೂ ನೂರಕ್ಕೆ ನೂರು ಹಾಕಲಿಲ್ಲ. ಎಂಬತ್ತು ದಾಟಿಸುವ ಮೊದಲೇ ಉತ್ತರವನ್ನು ಎರಡೆರಡು ಸಲ ತಿರುವಿ ನೋಡುತ್ತಿದ್ದೆ. ಪೂರ್ತಿ ಅಂಕ ಕೊಟ್ಟರೆ ಹುಡುಗರ ಕಣ್ಣು ನೆತ್ತಿಗೇರುತ್ತದೆ, ಆಮೇಲೆ ಪುಸ್ತಕ ಮುಟ್ಟುವುದಿಲ್ಲ ಎಂಬುದು ನನ್ನ ನಂಬಿಕೆ. ಧಾರವಾಡದಲ್ಲಿ ನನಗೆ ಕಲಿಸಿದ ಅಕ್ಕೋರು ಹೀಗೇ ಇದ್ದರು, ನಾನು ಅವರ ಗರಡಿಯವಳು. ಸ್ಟಾಫ್ ರೂಮಿನಲ್ಲಿ ಉಳಿದವರು ನನ್ನ ಕೈ ಬಿಗಿ ಎಂದು ನಗುತ್ತಿದ್ದರು. ನಗಲಿ ಬಿಡಿ ಎಂದು ಸುಮ್ಮನಿರುತ್ತಿದ್ದೆ. ನಿವೃತ್ತಿಯಾದ ಮೇಲೂ ಈ ಕೈ ಸಡಿಲಾಗಲಿಲ್ಲ. ಅದರಿಂದ ನನ್ನ ಮೊಮ್ಮಗಳ ಟೀಚರೇ ಮನೆಗೆ ಬರುವುದು ನಿಂತುಹೋಗುವುದರಲ್ಲಿತ್ತು.

ಮೊಮ್ಮಗಳು ಏಳನೆಯ ತಿಂಗಳಿಗೇ ಹುಟ್ಟಿದವಳು. ಹತ್ತು ತಿಂಗಳಾದರೂ ಕೂರಲಿಲ್ಲ. ಎಡಗೈ ಸದಾ ಮುಷ್ಟಿ ಬಿಗಿದೇ ಇರುತ್ತಿತ್ತು, ಎಡಗಾಲೂ ಬಿಗಿ. ಮೆದುಳಿಗೆ ಸ್ವಲ್ಪ ಪೆಟ್ಟಾಗಿದೆ, ಪೂರ್ತಿ ಹೋಗುವಂಥದ್ದಲ್ಲ, ಆದರೆ ಈಗಿನಿಂದಲೇ ಕಲಿಸತೊಡಗಿದರೆ ಬಹಳ ಸುಧಾರಿಸುತ್ತಾಳೆ ಎಂದು ಡಾಕ್ಟರು ಒಂದು ಕೇಂದ್ರದ ವಿಳಾಸ ಬರೆದುಕೊಟ್ಟರು. ಇಂಥ ಮಕ್ಕಳಿಗೆ ಮೂರು ವರ್ಷ ತುಂಬುವವರೆಗೆ ವಾರಕ್ಕೊಮ್ಮೆ ಮನೆಗೇ ಟೀಚರನ್ನು ಕಳಿಸುವ ಕೇಂದ್ರ ಅದು. ಮಗ ಪವಾಯಿಯಲ್ಲಿ ಕೆಲಸಕ್ಕಿದ್ದಾನೆ, ಸೊಸೆ ಫೋರ್ಟಿನ ಆಫೀಸಿನಲ್ಲಿ. ಬೆಳಿಗ್ಗೆ ಇಬ್ಬರೂ ಹೊರಬಿದ್ದರೆ ಕಾಂದಿವಲಿಯ ನಮ್ಮ ಮೂರನೆಯ ಮಾಳಿಗೆಯ ಮನೆಯಲ್ಲಿ ನಾನು ಮತ್ತು ಈ ಕೂಸು, ಇಬ್ಬರೇ.

ಆ ಮೊದಲ ವರ್ಷ ನಾನು ಬಾಗಿಲು ಹಾಕಿಕೊಂಡೇ ಕಳೆದೆ. ಕೂಸನ್ನು ಎತ್ತಿಕೊಂಡು ಕೆಳಗೆ ಇಳಿದವಳಲ್ಲ. ಲಿಫ್ಟಿನಲ್ಲಿ ಯಾರಾದರೂ “ಅಭೀ ತಕ್ ಬೈಠತೀ ನಹೀ?”, ಇನ್ನೂ ಕೂರುವುದಿಲ್ಲವೇ ಎಂದು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಸಿಟ್ಟು ಕೇಳಿದವರ ಮೇಲೆ ಎಂದುಕೊಂಡಿದ್ದೆ. ಅದು ಸಿಟ್ಟಲ್ಲ, ನಾಚಿಕೆ. ಐವತ್ತು ಮಕ್ಕಳ ವರ್ಗವನ್ನು ಕಣ್ಣಲ್ಲೇ ಹಿಡಿದಿಡುತ್ತಿದ್ದವಳು ಒಂದು ಕೂಸನ್ನು ಹಿಡಿದು ನಾಲ್ಕು ಜನರ ಎದುರು ನಿಲ್ಲಲಾರದೆ ಹೋದೆ.

ಟೀಚರ್ ಮೊದಲ ಸಲ ಬಂದದ್ದು ಒಂದು ಮಂಗಳವಾರ. ಇಪ್ಪತ್ತಾರರ ಹುಡುಗಿ, ಉಡುಪಿ ಕಡೆಯವರ ಮಗಳು, ಹುಟ್ಟಿ ಬೆಳೆದದ್ದೆಲ್ಲ ಮುಂಬಯಿ. ಮನೆಯಲ್ಲಿ ತುಳು, ಹೊರಗೆ ಹಿಂದಿ, ಕನ್ನಡ ಮಾತ್ರ ಎಡವಿ ಎಡವಿ ಬರುತ್ತಿತ್ತು. ದೊಡ್ಡ ಚೀಲದ ತುಂಬ ಆಟಿಕೆ ಸಾಮಾನು ತರುತ್ತಾಳೆ ಎಂದು ನಾನು ಚಾಪೆ ಹಾಸಿಟ್ಟಿದ್ದೆ. ಅವಳ ಹೆಗಲಲ್ಲಿ ಇದ್ದದ್ದು ಒಂದು ನೀರಿನ ಬಾಟಲಿ, ಒಂದು ನೋಟ್‌ಬುಕ್ಕು.

“ಸಾಮಾನು ಎಲ್ಲೆದ ನಿಂದು?” ಎಂದೆ.

“ಎಲ್ಲಾ ನಿಮ್ಮ ಮನೆಯಲ್ಲೇ ಉಂಟಲ್ಲ ಅಜ್ಜಿ,” ಎಂದಳು. “ನೀವು ರೋಜ್, ದಿನಾ, ಈ ಹೊತ್ತಿಗೆ ಏನು ಮಾಡ್ತೀರಿ?”

“ಈಗ? ರೊಟ್ಟಿ ಬಡೀತೀನಿ.”

“ಹಾಂ, ಬಡೀರಿ. ಬೇಬಿಗೂ ಥೋಡಾ ಹಿಟ್ಟು ಕೊಡಿ.”

ಇದೆಂಥ ಟೀಚರು, ಪಾಠದ ತಯಾರಿಯಿಲ್ಲದೆ ಬಂದು ನನ್ನ ಅಡುಗೆಮನೆಗೆ ಗಂಟುಬಿದ್ದಳಲ್ಲ ಎಂದುಕೊಂಡೆ. ಬಾಯಿಬಿಟ್ಟು ಅನ್ನಲಿಲ್ಲ. ಅವಳು ಕೂಸನ್ನು ನನ್ನ ಎರಡೂ ತೊಡೆಗಳ ನಡುವೆ ಕೂರಿಸಿ, ಬೆನ್ನು ನನ್ನ ಹೊಟ್ಟೆಗೆ ಒರಗಿಸಿ, ಹಿಟ್ಟು ನಾದುವ ಪರಾತದಲ್ಲಿದ್ದ ಬೆಚ್ಚಗಿನ ಜೋಳದ ಹಿಟ್ಟಿನ ಮೇಲೆ ಆ ಬಿಗಿದ ಎಡಗೈ ಇಟ್ಟಳು. ಎಳೆಯಲಿಲ್ಲ, ಬಿಡಿಸಲಿಲ್ಲ. ನಾನು ರೊಟ್ಟಿ ಬಡಿಯುತ್ತಿದ್ದೆ. ನಾಲ್ಕನೆಯ ರೊಟ್ಟಿಗೆ ಬಂದಾಗ ಕೆಳಗೆ ನೋಡಿದರೆ ಮುಷ್ಟಿ ತೆರೆದಿತ್ತು. ಐದೂ ಬೆರಳು ಹಿಟ್ಟಿನಲ್ಲಿ ಹೂತಿದ್ದವು. ಕೂಸು ಒಮ್ಮೆ ಹಿಟ್ಟು ನೋಡಿತು, ಒಮ್ಮೆ ನನ್ನನ್ನು ನೋಡಿತು, ಕೇಕೆ ಹಾಕಿತು. ಆ ದಿನದ ರೊಟ್ಟಿ ಒಂದೂ ದುಂಡಗಾಗಲಿಲ್ಲ, ಎರಡು ಸೀದುಹೋದವು. ರಾತ್ರಿ ಊಟಕ್ಕೆ ಕೂತಾಗ ಮಗ ಒಂದನ್ನು ಎತ್ತಿ ಹಿಡಿದು “ಇದ್ಯಾವ ದೇಶದ ನಕಾಶೆ?” ಎಂದ.

ಅಲ್ಲಿಂದ ಮುಂದೆ ನಮ್ಮ ಮನೆಯ ಎಲ್ಲ ಕೆಲಸವೂ ಪಾಠವಾಯಿತು. ಸ್ನಾನಕ್ಕೆ ಚೊಂಬು ಎರಡೂ ಕೈಯಲ್ಲಿ ಹಿಡಿಯುವುದು, ಅವರೆಕಾಳು ಡಬ್ಬಿಯಿಂದ ಡಬ್ಬಿಗೆ ಹಾಕುವುದು, ಬಟ್ಟೆ ಮಡಚುವಾಗ ತಾನೂ ಒಂದು ಕರ್ಚೀಫು ಎಳೆಯುವುದು. ತಮಾಷೆಯೆಂದರೆ ಆ ಹುಡುಗಿ ಹೋಮ್‌ವರ್ಕ್ ಕೊಡುತ್ತಿದ್ದದ್ದು ಕೂಸಿಗಲ್ಲ, ನನಗೆ. “ಅಜ್ಜಿ, ಈ ವಾರ ನೀವು ಬೇಬಿಯನ್ನು ತೆಗೆದುಕೊಂಡು ಸ್ಟೇಶನ್ ಮಾರ್ಕೆಟಿಗೆ ಹೋಗಬೇಕು. ಬೇಬಿ ಕೈಯಿಂದ ತರಕಾರಿಯ ಭಾಜಿವಾಲಾನಿಗೆ ತೂಕಕ್ಕೆ ಟೊಮೆಟೊ ಎತ್ತಿ ಕೊಡಿಸಬೇಕು.” ಮೂವತ್ತಮೂರು ವರ್ಷ ಹೋಮ್‌ವರ್ಕ್ ಕೊಟ್ಟವಳು ನಾನು. ಮಾಡದೆ ಹೋದರೆ ಮರ್ಯಾದೆ ಎಲ್ಲಿ ಉಳಿಯುತ್ತದೆ? ಹೋದೆ. ಮೊದಲ ದಿನ ತಲೆ ತಗ್ಗಿಸಿ, ಎರಡನೆಯ ವಾರ ತಲೆ ಎತ್ತಿ. ಮೂರನೆಯ ತಿಂಗಳಿಗೆ ಭಾಜಿವಾಲಾ ನಮ್ಮನ್ನು ದೂರದಿಂದಲೇ ಕಂಡು “ಆಲೀ ಮಾಝೀ ಶೇಠಾಣಿ!”, ನನ್ನ ಸಾಹುಕಾರ್ತಿ ಬಂದಳು ಎಂದು ಕೂಗತೊಡಗಿದ. ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ನಮ್ಮ ಬಿಲ್ಡಿಂಗಿನ ಹೆಂಗಸರ ನಡುವೆ ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಹೋದೆ. ಎಳ್ಳುಂಡೆಯ ತಟ್ಟೆಗೆ ಕೈ ಹಾಕಿ ಎರಡು ಉಂಡೆ ಒಟ್ಟಿಗೆ ಎತ್ತಿಕೊಂಡಳು. ಹೆಂಗಸರೆಲ್ಲ ನಕ್ಕರು, ನಾನೂ ನಕ್ಕೆ. ಹೊಟ್ಟೆ ತುಂಬ ನಕ್ಕೆ.

ಟೀಚರ್ ಬರತೊಡಗಿ ವರ್ಷ ತುಂಬಿದಾಗ ಕೇಂದ್ರದಿಂದ ಒಂದು ಫಾರ್ಮು ಬಂತು. ಮಗು ಎಷ್ಟು ಕಲಿಯಿತು ಎಂದು ಅಳೆಯುವುದು ಬೇರೆ, ಅದನ್ನು ಅವರೇ ಮಾಡುತ್ತಿದ್ದರು. ಇದು ಮನೆಯವರನ್ನು ಅಳೆಯುವ ಫಾರ್ಮು. ಈ ಸೇವೆಯಿಂದ ನಿಮ್ಮ ಕುಟುಂಬಕ್ಕೆ ಏನು ಉಪಯೋಗವಾಯಿತು ಎಂದು ತಿಳಿಯಲು ಹದಿನಾರು ಪ್ರಶ್ನೆ, ಒಂದೊಂದಕ್ಕೂ ಒಂದರಿಂದ ಐದರವರೆಗೆ ಅಂಕ. ತಾಯಿಗೆ ಒಂದು ಪ್ರತಿ, ದಿನವಿಡೀ ಮಗುವಿನ ಜೊತೆ ಇರುವವರಿಗೆ ಇನ್ನೊಂದು. ಸೊಸೆ ತನ್ನದನ್ನು ಲೋಕಲ್ ಟ್ರೇನಿನಲ್ಲಿ ಚರ್ಚ್‌ಗೇಟ್ ಬರುವುದರೊಳಗೆ ತುಂಬಿಕೊಟ್ಟಳು. ನಾನು ಹಾಗೆ ಮಾಡುವವಳೇ? ಮಧ್ಯಾಹ್ನ ಕೂಸು ಮಲಗಿದ ಮೇಲೆ ಕನ್ನಡಕ ಒರೆಸಿಕೊಂಡು, ಕೆಂಪು ಪೆನ್ನು ಹಿಡಿದು, ಮೇಜಿನ ಎದುರು ಕೂತೆ.

ಮಗು ಅತ್ತಾಗ ಏಕೆಂದು ನಿಮಗೆ ತಿಳಿಯುತ್ತದೆಯೇ? ಬಹುತೇಕ ತಿಳಿಯುತ್ತದೆ, ಒಮ್ಮೊಮ್ಮೆ ತಪ್ಪುತ್ತದೆ. ಮೂರು. ಮಗುವನ್ನು ಕರೆದುಕೊಂಡು ಹೊರಗೆ ಹೋಗುತ್ತೀರಾ? ಮಾರ್ಕೆಟ್ಟು, ಗಾರ್ಡನ್ನು, ನೆರೆಮನೆ. ಧಾರವಾಡಕ್ಕೆ ಇನ್ನೂ ಹೋಗಿಲ್ಲ. ಎರಡು. ನೀವು ದಣಿದಾಗ ಆಸರೆ ಯಾರಾದರೂ ಇದ್ದಾರೆಯೇ? ಈ ಮನೆಗೆ ನಾನೇ ಆಸರೆ, ನನಗ್ಯಾರು? ಒಂದು. ಟೀಚರ್ ಮನೆಗೆ ಬರುವುದರಿಂದ ಉಪಯೋಗವಾಗಿದೆಯೇ? ಇಲ್ಲಿ ಸ್ವಲ್ಪ ಹೊತ್ತು ಯೋಚಿಸಿದೆ. ಹುಡುಗಿ ಒಳ್ಳೆಯವಳು, ಶ್ರದ್ಧೆ ಇದೆ, ಆದರೆ ಎರಡು ಸಲ ತಡವಾಗಿ ಬಂದಿದ್ದಾಳೆ. ಎರಡು ಹಾಕಿ, ಅಂಚಿನಲ್ಲಿ ಅಭ್ಯಾಸಬಲದಿಂದ ಬರೆದೆ: “ಪ್ರಯತ್ನ ಚೆನ್ನಾಗಿದೆ. ಇನ್ನೂ ಸುಧಾರಿಸಬೇಕು.” ನನ್ನ ಲೆಕ್ಕದಲ್ಲಿ ಅದು ಹೊಗಳಿಕೆ. ಕೆಳಗೆ ಗೆರೆ ಎಳೆದು ಸಹಿಯನ್ನೂ ಹಾಕಿದೆ.

ಎರಡು ವಾರ ಕಳೆದ ಮೇಲೆ ಟೀಚರ್ ಬಂದವಳು ಚಪ್ಪಲಿ ಬಿಡುತ್ತಲೇ, “ಅಜ್ಜಿ, ಮುಂದಿನ ತಿಂಗಳಿಂದ ನಾನು ಬರುವುದಿಲ್ಲ,” ಎಂದಳು.

“ಯಾಕವಾ? ಮದವಿ ಗೊತ್ತಾತೇನು?”

ಅವಳು ನಗಲಿಲ್ಲ. “ನಿಮ್ಮ ಫಾರ್ಮಿನಲ್ಲಿ ಫಾಯ್ದಾ ಇಲ್ಲ ಅಂತ ಬಂತು. ಮನೆಗೆ ಬರುವುದು ನಿಮಗೆ ಪಸಂದ್ ಇಲ್ಲ ಅಂತ ಸೆಂಟರಿನವರಿಗೆ ಅನ್ನಿಸಿದೆ. ವೇಟಿಂಗ್ ಲಿಸ್ಟ್‌ನಲ್ಲಿ ತುಂಬ ಮಕ್ಕಳು ಉಂಟು ಅಜ್ಜಿ. ಬೇಬಿ ಸೆಂಟರಿಗೆ ಬರಬಹುದು, ತಿಂಗಳಿಗೆ ಎರಡು ಸಲ.” ಅವಳ ದನಿಯಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡಿದ್ದೆ. ಅವಳು ಹೋದ ಮೇಲೆ ಮಂಗಳವಾರಗಳಿಲ್ಲದ ಮನೆಯನ್ನು ನೆನೆಸಿಕೊಂಡೆ. ಮತ್ತೆ ಆ ಬಾಗಿಲು ಹಾಕಿದ ಮನೆಯೇ ಕಣ್ಣಿಗೆ ಬಂತು.

ಸಂಜೆ ಸೊಸೆಗೆ ಹೇಳಿದೆ. ಅವಳು ಪರ್ಸು ಹೆಗಲಲ್ಲಿದ್ದ ಹಾಗೇ ನಿಂತುಬಿಟ್ಟಳು.

“ಅತ್ತಿ, ಎಷ್ಟ ಹಾಕಿದ್ರಿ ನೀವು?”

“ಎರಡು.”

“ಎಷ್ಟಕ್ಕ?”

“ಐದಕ್ಕ. ನಾಪಾಸ ಮಾಡಿಲ್ಲ ಮತ್ತ, ನಲವತ್ತು ಪರ್ಸೆಂಟ್ ಆತು.”

ಮನೆಗೆ ಬಂದು ಆರು ವರ್ಷವಾದರೂ ಎದುರುತ್ತರ ಕೊಟ್ಟ ಹುಡುಗಿಯಲ್ಲ ಅವಳು. ಅಂದು ಮಾತ್ರ, “ಶನಿವಾರ ನನಗ ಸುಟಿ ಅದ. ನಡೀರಿ, ಹೋಗಿ ಕೇಳೋಣ,” ಎಂದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನಾನು ತೆಪ್ಪಗೆ ಹೂಂ ಅಂದೆ.

ಕೇಂದ್ರ ನಡೆಸುವ ಮೇಡಂ ಮರಾಠಿಯವರು, ನನ್ನ ವಯಸ್ಸಿನ ಆಸುಪಾಸು. ಮೇಜಿನ ಮೇಲೆ ಎರಡೂ ಫಾರ್ಮು ಪಕ್ಕ ಪಕ್ಕ ಇಟ್ಟುಕೊಂಡಿದ್ದರು. ಸೊಸೆಯದರಲ್ಲಿ ಎಲ್ಲ ಕಡೆಗೂ ಐದು, ಒಂದು ಪ್ರಶ್ನೆಯನ್ನು ಮಾತ್ರ ಖಾಲಿ ಬಿಟ್ಟಿದ್ದಳು. ನನ್ನದು ಕೆಂಪೋ ಕೆಂಪು. “ಒಂದೇ ಮನೆ, ಎರಡು ಫಾರ್ಮು. ನಾವು ಏನೆಂದು ತಿಳಿಯಬೇಕು ತಾಯಿ?” ಎಂದು ಮರಾಠಿಯಲ್ಲಿ ಕೇಳಿದರು. ನಾನು ನನ್ನ ಮೂವತ್ತಮೂರು ವರ್ಷದ ಪುರಾಣ ಬಿಚ್ಚಿದೆ. ಪೂರ್ತಿ ಅಂಕ ಹಾಕಿದರೆ ಟೀಚರ್ ಹುಡುಗಿ ಕೆಟ್ಟುಹೋಗುತ್ತಾಳೆಂದು ಎರಡು ಹಾಕಿದೆ ಎಂದಾಗ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಸೊಸೆ ಸೆರಗಿನ ಹಾಗೆ ದುಪಟ್ಟಾ ಬಾಯಿಗೆ ಒತ್ತಿಕೊಂಡಳು. ದೊಡ್ಡವರು ನಗುವುದನ್ನು ಕಂಡು ಮೊಮ್ಮಗಳೂ ಕೇಕೆ ಹಾಕಿದಳು.

“ಆದರೆ ನಿಮ್ಮ ಮಾತಿಗೆ ಎರಡನ್ನು ಐದು ಮಾಡಲು ಬರುವುದಿಲ್ಲ,” ಎಂದರು ಮೇಡಂ, ನಗು ನಿಲ್ಲಿಸಿ. “ಮತ್ತೊಮ್ಮೆ ಕೇಳುತ್ತೇನೆ. ಅಂಕ ಬೇಡ. ಮೊದಲ ದಿನ ಎಲ್ಲಿದ್ದಿರಿ, ಈಗ ಎಲ್ಲಿದ್ದೀರಿ, ಅಷ್ಟು ಹೇಳಿ. ಬರೆದುಕೊಳ್ಳುತ್ತೇನೆ.”

ಇಷ್ಟು ವರ್ಷ ನಾನು ಪ್ರತಿ ಉತ್ತರವನ್ನೂ ಸರಿಯುತ್ತರದ ಪಕ್ಕ ಇಟ್ಟು ಅಳೆದವಳು. ಹುಡುಗ ಎಲ್ಲಿಂದ ಹೊರಟು ಅಲ್ಲಿಗೆ ಬಂದ ಎಂದು ನೋಡಿರಲೇ ಇಲ್ಲ. ಬಾಗಿಲು ಹಾಕಿಕೊಂಡದ್ದರಿಂದ ಶುರು ಮಾಡಿ ಎಲ್ಲ ಹೇಳಿದೆ. ಸೀದ ರೊಟ್ಟಿ, ಭಾಜಿವಾಲಾ, ಎಳ್ಳುಂಡೆ. ಮೇಡಂ ಬರೆಯುತ್ತಲೇ ಇದ್ದರು. ಕೊನೆಗೆ, “ಟೀಚರ್ ಬರುವುದು ನಿಂತರೆ ಮಗುವಿಗೆ ಏನು ನಷ್ಟ?” ಎಂದರು.

ನಾನು ಅವರಿಗೆ ಮರಾಠಿಯಲ್ಲೇ ಉತ್ತರ ಕೊಡಬೇಕಿತ್ತು. ಬಾಯಿಗೆ ಬಂದದ್ದು ಮಾತ್ರ ನನ್ನ ಧಾರವಾಡದ ಕನ್ನಡ. ಸೊಸೆ ಪಕ್ಕದಲ್ಲಿ ಕೂತು ಒಂದೊಂದೇ ಮಾತನ್ನು ಮರಾಠಿಗೆ ತಿರುಗಿಸಿದಳು.

“ಕೂಸಿಗೆ ಏನೂ ಆಗೂದಿಲ್ಲ, ಆಕಿ ಶಾಣ್ಯಾ ಇದ್ದಾಳ, ಹ್ಯಾಂಗರೆ ಕಲೀತಾಳ. ಆ ಹುಡಿಗಿ ಬರೂದು ನನಗ ಬೇಕು. ಮೊದಲಿನ ವರ್ಷ ಈ ಕೂಸಿನ ಮಾರಿ ನೋಡಿದ್ರ ನನಗ ಅಂಜಿಕಿ ಬರ್ತಿತ್ತು. ಈಗ ನಗು ಬರ್ತದ. ಇದಕ್ಕ ಎಷ್ಟು ಮಾರ್ಕು ಹಾಕಬೇಕು ನನಗ ಗೊತ್ತಿಲ್ಲರಿ.”

ಕೊನೆಯ ಮಾತು ತಿರುಗಿಸುವಾಗ ಸೊಸೆ ಕೂಸಿನ ಎಡಗೈ ಹಿಡಿದುಕೊಂಡಳು. ಮೇಡಂ ಬರೆದು ಮುಗಿಸಿ, ಪೆನ್ನಿಗೆ ಮುಚ್ಚಳ ಹಾಕಿ, “ಮಂಗಳವಾರ ಹನ್ನೊಂದಕ್ಕೇ ತಾನೆ? ಬರುತ್ತಾಳೆ. ಮಗುವಿಗೆ ಮೂರು ತುಂಬುವವರೆಗೆ ಬರುತ್ತಾಳೆ,” ಎಂದರು. ನಾನು ಅಲ್ಲೇ ಎದ್ದು ನಿಂತು ಅವರ ಕೈ ಹಿಡಿದುಕೊಂಡೆ. ಅಷ್ಟು ಖುಷಿ ನನಗೆ ಕೆಲಸ ಸಿಕ್ಕ ದಿನವೂ ಆಗಿರಲಿಲ್ಲ.

ಹಿಂದಿರುಗುವಾಗ ಆಟೋ ಹೈವೇಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಕೂಸು ನಮ್ಮಿಬ್ಬರ ಮಡಿಲ ಮೇಲೆ ಅರ್ಧರ್ಧ ಮಲಗಿತ್ತು. ನನಗೆ ಸೊಸೆಯ ಫಾರ್ಮಿನ ಆ ಖಾಲಿ ಜಾಗ ನೆನಪಾಯಿತು. ಯಾವ ಪ್ರಶ್ನೆಯೆಂದು ಮೇಜಿನ ಮೇಲೆಯೇ ಓದಿಕೊಂಡಿದ್ದೆ: ಮನೆಯವರು ನಿಮ್ಮ ಬೆನ್ನಿಗಿದ್ದಾರೆಯೇ?

“ಅದೊಂದು ಯಾಕ ಬಿಟ್ಟಿ?” ಎಂದು ಕೇಳಿದೆ.

ಅವಳು ಕೂಸಿನ ಕಾಲ ಮೇಲೆ ದುಪಟ್ಟಾ ಎಳೆದಳು. “ನೀವು ಸಿಟ್ಟಾಗಬ್ಯಾಡ್ರಿ ಅತ್ತಿ. ನೀವು ಕೂಸಿನ್ನ ಎಷ್ಟು ನೋಡ್ಕೋತೀರಿ ನನಗ ಗೊತ್ತದ. ಆದರ, ಇಂಥಾ ಕೂಸು ಹಡದಿ ಅಂತ ಒಂದಿನ ನೀವು ಅಂದೇ ಅಂತೀರಿ ಅಂತ ಎರಡು ವರ್ಷದಿಂದ ಅಂಜಿಕೊಂಡೇ ಕೂತೀನಿ. ದಿನಾ ಸಂಜಿಕೆ ಬಾಗಲಾ ತಗೀಬೇಕಾದ್ರ, ಇವತ್ತ ಅಂತಾರೇನೋ ಅಂತ ಅನಸ್ತದ.”

ನಾನು ಹಾಗೆ ಅಂದವಳಲ್ಲ. ಮನಸ್ಸಿನಲ್ಲೂ ಅಂದುಕೊಂಡವಳಲ್ಲ. ಆದರೆ ಅನ್ನುವುದಿಲ್ಲ ಎಂದು ಅವಳಿಗೆ ಯಾವತ್ತೂ ಹೇಳಿರಲಿಲ್ಲ. ನಿನ್ನ ತಪ್ಪೇನೂ ಇಲ್ಲ ಎಂಬ ಮೂರು ಶಬ್ದ ಬಾಯಿಂದ ತೆಗೆಯಲು ನನಗೆ ಎರಡು ವರ್ಷ ಹಿಡಿಯಿತು. ಅಂದು ಆಟೋದಲ್ಲೇ ಹೇಳಿದೆ, “ನಿಂದೇನೂ ತಪ್ಪಿಲ್ಲವಾ, ನಿನ್ನಂಥಾಕಿ ಸಿಕ್ಕದ್ದು ನನ್ನ ಪುಣ್ಯ,” ಎಂದು. ಟ್ರಾಫಿಕ್ಕಿನ ಹಾರ್ನಿನಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದೆ, ಡ್ರೈವರ್ ತಿರುಗಿ ನೋಡುವಷ್ಟು ಗಟ್ಟಿಯಾಗಿ.