ಹತ್ತು ಅಡಿ ಮುಂದಕ್ಕೆ

ಕಳೆದ ಮಂಗಳವಾರ ಬೆಳಗ್ಗೆ ಆರೂಮುಕ್ಕಾಲಿಗೆ ನಾನು ಇನ್ನೊಬ್ಬರ ಲಾರಿಯ ಇಂಜಿನ್ ಆರಿಸಿದೆ. ಯಾರನ್ನೂ ಕೇಳದೆ. ಒಳ್ಳೆಯ ಉದ್ದೇಶದಿಂದ. (ಈ ಎರಡೂ ಒಟ್ಟಿಗೆ ಬಂದಾಗ ಹುಷಾರಾಗಿರಿ.)

ಹೊಸೂರಿನ ಹತ್ತಿರ, ಕೆಲಮಂಗಲದ ನಮ್ಮ ಬೀದಿ ಹೀಗಿದೆ. ಮೊದಲು ಟೀ ಅಂಗಡಿ, ಪಕ್ಕದಲ್ಲಿ ನಾಗಮ್ಮನ ಹೂವಿನ ಬುಟ್ಟಿ, ಆಮೇಲೆ ನಮ್ಮ ಗೇಟು, ಅದರಾಚೆ ಅಂಗನವಾಡಿ. ಒಂದು ತಿಂಗಳಿಂದ ದಿನಾ ಬೆಳಗ್ಗೆ ಒಂದು ಹಳೆಯ ಮಿನಿ ಲಾರಿ ಬಂದು ಇಲ್ಲಿ ನಿಲ್ಲುತ್ತದೆ. ಜವಳಗಿರಿ ಕಡೆಯ ಕೊತ್ತಂಬರಿ ಸೊಪ್ಪು, ಹೊಸೂರು ಮಾರ್ಕೆಟ್ಟಿಗೆ. ಡ್ರೈವರ್ ಮಾದೇಶ ಇಳಿದು ಟೀ ಕುಡಿಯುತ್ತಾನೆ. ಇಂಜಿನ್ ಮಾತ್ರ ಓಡುತ್ತಲೇ ಇರುತ್ತದೆ. ಗಡಗಡ, ಗಡಗಡ, ಇಪ್ಪತ್ತು ನಿಮಿಷ. ಕಿಟಕಿಯ ಗಾಜು, ಅಡುಗೆಮನೆಯ ಲೋಟ, ನನ್ನ ಹಲ್ಲು ಎಲ್ಲದಕ್ಕೂ ಅದೇ ತಾಳ.

ಸೈಲೆನ್ಸರ್ ಸರಿಯಾಗಿ ನಾಗಮ್ಮನ ಬುಟ್ಟಿಯ ಕಡೆಗೆ. ಆ ದಿನ ನಾನು ಹಾಲು ತರಲು ಹೋದಾಗ ಆಕೆ ಕರೆದಳು. "ನೋಡು ಸಾಮಿ, ಕಾಕಡ ಹೂವೆಲ್ಲಾ ಡೀಸಲ್ ನಾತ. ದೇವ್ರು ಕೂಡ ಸೀನ್ತಾನೆ. ನೀನಾದ್ರೂ ಅವನ್ಗೆ ಒಂದ್ ಮಾತು ಹೇಳು, ಏನಂದ್ರೆ..."

ಏನಂದ್ರೆ ಅನ್ನುವುದನ್ನು ಕೇಳಲು ನಾನು ನಿಲ್ಲಲಿಲ್ಲ. ಲಾರಿಯ ಬಾಗಿಲು ತೆರೆದಿತ್ತು. ಹತ್ತಿದೆ. ಕೀಲಿ ತಿರುಗಿಸಿದೆ. ಇಂಜಿನ್ ನಿಲ್ಲಲಿಲ್ಲ. ಹಳೆಯ ಡೀಸೆಲ್ ಗಾಡಿಗಳಲ್ಲಿ ಇಂಜಿನ್ ನಿಲ್ಲಿಸಲು ಒಂದು ಗುಂಡಿ ಎಳೆಯಬೇಕು, ಅದು ನನಗೆ ಗೊತ್ತು. (ಹೇಗೆ ಗೊತ್ತು? ಅಲ್ಲೇ ಇರುವುದು ತಕರಾರು, ಅದಕ್ಕೆ ಆಮೇಲೆ ಬರುತ್ತೇನೆ.) ಎಳೆದೆ.

ನಿಶ್ಶಬ್ದ. ಕಾಗೆ ಕೂಗಿದ್ದು ಕೇಳಿಸಿತು. ಬೀದಿಯೆಲ್ಲ ನನ್ನತ್ತ ತಿರುಗಿತು. ನಿಜ ಹೇಳುತ್ತೇನೆ, ನಾನು ಮೆಚ್ಚುಗೆಗೆ ಕಾಯುತ್ತಿದ್ದೆ.

"ಯಾವನ್ಲಾ ಅವ್ನು ಆರ್ಸಿದ್ದು?" ಮಾದೇಶ ಟೀ ಗ್ಲಾಸು ಹಿಡಿದೇ ಓಡಿ ಬಂದ. ನನ್ನ ನರೆಗೂದಲು ನೋಡಿದ ಮೇಲೆ ದನಿ ತುಸು ಇಳಿಯಿತು. "ಏನ್ ಸಾರ್ ಇದು? ಸೆಲ್ಫ್ ಹೋಗಿ ತಿಂಗ್ಳಾಯ್ತು. ದಿನಾ ಇಳಿಜಾರ್ನಾಗೆ ನಿಲ್ಸಿ, ಜಾರ್ಸಿ ಸ್ಟಾರ್ಟ್ ಮಾಡ್ಕೊಂಡ್ ಬತ್ತೀನಿ. ಹೊಸೂರು ಸೇರೋಗಂಟ ಆರ್ಸಂಗಿಲ್ಲ. ಎಂಟ್ ಗಂಟೆಗೆ ಮಾರ್ಕೆಟ್ ಮುಗೀತದೆ. ಏಳ್ ಮನೇರ ಸೊಪ್ಪು ಐತೆ ಸಾರ್ ಇದ್ರಾಗೆ!"

ನಮ್ಮ ಬೀದಿ ಮಟ್ಟಸ. ರಾಗಿ ಒಣಗಿಸಲು ಒಳ್ಳೆಯದು, ಲಾರಿ ಜಾರಿಸಲು ಅಲ್ಲ.

ಕಂಪನಿ ಬಸ್ಸಿಗೆ ಕಾಯುತ್ತಿದ್ದ ಯೂನಿಫಾರ್ಮಿನವರು ಎಂಟು ಜನ ಬಂದು ತಳ್ಳಿದರು. ನಾನೂ ತಳ್ಳಿದೆ. ಲಾರಿ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಅಷ್ಟರಲ್ಲಿ ಬಸ್ಸು ಬಂತು. "ಪಂಚಿಂಗ್ ಐತೆ ಸಾರ್," ಎಂದು ಎಂಟೂ ಜನ ಕೈ ಒರೆಸಿಕೊಂಡು ಹತ್ತಿಬಿಟ್ಟರು. ಉಳಿದವರು ನಾನು, ಮಾದೇಶ ಮತ್ತು ಏರುವ ಬಿಸಿಲು. ಹೊಸೂರಿನ ಮಂಡಿಯವನ ಫೋನು ಮೇಲಿಂದ ಮೇಲೆ. ಬಂದೇ ಬಿಟ್ಟೆ ಅಣ್ಣಾ ಎಂದು ಮಾದೇಶ ತಮಿಳಿನಲ್ಲಿ ಸುಳ್ಳು ಹೇಳುತ್ತಿದ್ದ.

ಆಗ ನಾಗಮ್ಮ ಎದ್ದಳು. ಹೂವಿಗೆ ಹೊದಿಸಿದ್ದ ಒದ್ದೆ ಗೋಣಿತಾಟು ತೆಗೆದು ಸೊಪ್ಪಿನ ಮೇಲೆ ಹಾಕಿದಳು. ಎರಡು ಬಿಂದಿಗೆ ನೀರು ಚಿಮುಕಿಸಿದಳು. ಮತ್ತೆ ನನ್ನ ಕಡೆ ನೋಡಿದಳು.

"ನಾನು ಆರ್ಸು ಅಂದ್ನಾ ಸಾಮಿ? ಹತ್ತಡಿ ಮುಂದಕ್ಕೆ ನಿಲ್ಸಪ್ಪ ಅಂತ ಹೇಳು ಅಂತಿದ್ದೆ. ಮಾತು ಮುಗಿಯೋಕ್ ಮುಂಚೆ ಹತ್ಬುಟ್ಟೆ."

ಸೋತವನು ವಾದಕ್ಕಿಳಿಯುತ್ತಾನೆ. "ಅಲ್ಲಪ್ಪ, ಸೆಲ್ಫ್ ರಿಪೇರಿ ಮಾಡಿಸಬಾರದಾ?" ಎಂದೆ.

"ಮಾಡ್ಸಿದ್ರೂ ಆರ್ಸಲ್ಲ ಸಾರ್. ಜವಳಗಿರಿ ಕಾಡ್ನಾಗೆ ಯಾರೂ ಆರ್ಸಲ್ಲ. ಆನೆ ಬಂದ್ರೆ, ಇರಮ್ಮ ಸ್ಟಾರ್ಟ್ ಮಾಡ್ಕೊತೀನಿ ಅಂದ್ರೆ ನಿಲ್ತದಾ?"

"ಕೆಲಮಂಗಲದಲ್ಲಿ ಯಾವ ಆನೆ?"

"ಅಭ್ಯಾಸ ಊರು ನೋಡ್ಕೊಂಡ್ ಬತ್ತದಾ ಸಾರ್?"

ಎಂಟೂವರೆಗೆ ನೀರಿನ ಟ್ಯಾಂಕರ್ ಎಳೆಯುವ ಟ್ರ್ಯಾಕ್ಟರೊಂದು ಸಿಕ್ಕಿತು. ಹಗ್ಗ ಕಟ್ಟಿ ಎಳೆದ ಮೇಲೆ ಲಾರಿಗೆ ಜೀವ ಬಂತು. ಮಾದೇಶ ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ಆ ಗುಂಡಿಯ ವಿಷಯ. ಚಿಕ್ಕಂದಿನಲ್ಲಿ ಮಾವನ ಜೀಪಿನಲ್ಲಿ ತಳಿ ಊರಿನಿಂದ ಜವಳಗಿರಿಗೆ ಕಾಡುದಾರಿಯಲ್ಲಿ ಹೋಗುವಾಗ ಆನೆ ಹಿಂಡು ಎದುರಾಯಿತು. ಮಾವ ಗುಂಡಿ ಎಳೆದು ಇಂಜಿನ್ ಆರಿಸಿದ. ಆನೆಗಳು ಪಕ್ಕದಲ್ಲೇ ಹಾದುಹೋದವು. ಮೌನ ನಮ್ಮನ್ನು ಉಳಿಸಿತು. ಈ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ! ಮಂಗಳವಾರ ಲಾರಿ ಹತ್ತಿದ ಧೈರ್ಯವೂ ಅದರದ್ದೇ ಇರಬೇಕು. ಸಂಜೆ ಅಕ್ಕನಿಗೆ ಫೋನ್ ಮಾಡಿ, ಅವತ್ತು ಮಾವ ಇಂಜಿನ್ ಆರಿಸಿದ್ದು ನೆನಪಿದೆಯಾ ಎಂದೆ.

"ಯಾರ್ ಆರ್ಸಿದ್ರು ಕಣ್ಲಾ?" ಅಂದಳು. "ಮಾವ ಇಂಜಿನ್ ಆರ್ಸ್ಲೇ ಇಲ್ಲ. ಆನೆ ಕಂಡೇಟ್ಗೆ ರೊಯ್ಯಂತ ಹಿಂದಕ್ಕೆ ಓಡಿಸ್ಕೊಂಡ್ ಬಂದ್ಬುಟ್ಟ. ನೀನು ನನ್ ತೊಡೆ ಮೇಲೆ ನಿದ್ದೆ ಹೊಡೀತಿದ್ದೆ."

ಅಕ್ಕನ ನೆನಪೂ ತಪ್ಪಿರಬಹುದು. ಆದರೆ ನನ್ನದು ತೀರಾ ಅಚ್ಚುಕಟ್ಟಾಗಿದೆ. ಆನೆಗಳು ಸಾಲಾಗಿ, ಮೌನ ಸರಿಯಾದ ಹೊತ್ತಿಗೆ, ಕೊನೆಯಲ್ಲಿ ನೀತಿ. ನಿಜವಾಗಿ ನಡೆದದ್ದು ಇಷ್ಟು ನೀಟಾಗಿ ಇರುತ್ತದೆಯೇ? ಹಾಗಾದರೆ ಗುಂಡಿ ಎಳೆಯುವುದನ್ನು ನನ್ನ ಬೆರಳು ಕಲಿತದ್ದೆಲ್ಲಿ? ಗೊತ್ತಿಲ್ಲ.

ನಿಂತ ಗಾಡಿಯ ಇಂಜಿನ್ ಆರಿಸಬೇಕು. ಇವತ್ತೂ ನನ್ನ ಮಾತು ಅದೇ. ಹೊಗೆ ಹೊಗೆಯೇ. ಆದರೆ ಕಲ್ಯಾಣಮಂಟಪದ ಮುಂದೆ ಏಸಿ ಹಾಕಿಕೊಂಡು ಗಂಟೆಗಟ್ಟಲೆ ಗುರುಗುಟ್ಟುವ ಕಾರುಗಳಿಗೆ ನಾನು ಯಾವತ್ತಾದರೂ ಕೈ ಹಾಕಿದ್ದೇನೆಯೇ? ಅವುಗಳ ಬಾಗಿಲು ಲಾಕ್ ಆಗಿರುತ್ತದೆ. ಒಳಗಿರುವವರು ನನಗೆ ನಮಸ್ಕಾರ ಹೊಡೆಯುವವರು.

ಬುಧವಾರ ಲಾರಿ ಮತ್ತೆ ಬಂತು. ನಾಗಮ್ಮ ರಸ್ತೆಗಿಳಿದು "ಬಾ, ಬಾ, ಇನ್ನೂ ಮುಂದಕ್ಕೆ" ಎಂದು ಕೈಸನ್ನೆ ಮಾಡಿದಳು. ಹತ್ತು ಅಡಿ ಮುಂದಕ್ಕೆ ಬಂದು, ನಮ್ಮ ಗೇಟಿನ ಎದುರು ನಿಂತಿತು. ಗಡಗಡ. ಮಾದೇಶ ಇಳಿದು ಬಾಗಿಲಿಗೆ ಬೀಗ ಹಾಕಿದ.

"ನಿನ್ನೆ ಸೊಪ್ಪು ಏನಾಯ್ತಪ್ಪ?" ಕೇಳಿದೆ.

"ಅರ್ಧ ಹೋಟ್ಲಿಗೆ, ಅರ್ಧ ಹಸೂಗೆ ಸಾರ್. ಹಸು ನಿಮ್ಗೆ ನಮಸ್ಕಾರ ಹೇಳ್ತು."

ಈಗ ಕಿಟಕಿ ಮುಚ್ಚಿಕೊಂಡು ಇದನ್ನು ಬರೆಯುತ್ತಿದ್ದೇನೆ. ಹೊಗೆ ಸಂದಿಯಿಂದ ಬರುತ್ತಿದೆ. ಹೊರಗೆ ಹೋಗಿ, ಇನ್ನೊಂದು ಹತ್ತು ಅಡಿ ಮುಂದಕ್ಕೆ ನಿಲ್ಸಪ್ಪ ಎಂದರೆ ಮಾದೇಶ ಇಲ್ಲವೆನ್ನುವುದಿಲ್ಲ.

ಮುಂದಿರುವುದು ಅಂಗನವಾಡಿ. ಹೇಳಲೇ?